ಖುರ್ಚಿಗಳಿಗೆ ಹಾಕಿದ ನೆರಳು

೧೯೯೧ರ ಬೇಸಿಗೆ. ಹಾವೇರಿಯಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆಸಿ ಊರಿಗೆ ಕರೆದೊಯ್ಯುತ್ತಿದ್ದೆ. "ಕಣ್ಣಾಗ ಧೂಳು, ನೀರು ಬೀಳಬಾರದು ನೋಡವಾ. ಬಿದ್ರ ಮಾಡಿದ್ದೆಲ್ಲ ಹಾಳ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅಪ್ಪನ ಇನ್ನೊಂದು ಕಣ್ಣು ಎಂದೋ ಹೋಗಿತ್ತು.

ಬ್ಯಾಡಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಾವು ಕಾಯುವ ಜಾಗದ ಹಳೆಯ ತಗಡಿನ ಚಪ್ಪರ ಕಿತ್ತುಹಾಕಿದ್ದರು. ಅಂದು ಹೊಸ ತಂಗುದಾಣಕ್ಕೆ ಅಡಿಗಲ್ಲು ಹಾಕುವ ಸಮಾರಂಭವಂತೆ. ಬಣ್ಣದ ಬಟ್ಟೆಯ ದೊಡ್ಡ ಶಾಮಿಯಾನ, ಕೆಳಗೆ ಸಾಲು ಸಾಲು ಖುರ್ಚಿ. ಒಬ್ಬ ಅತಿಥಿಯೂ ಬಂದಿರಲಿಲ್ಲ. ಅಪ್ಪನನ್ನು ಕೊನೆಯ ಖುರ್ಚಿಯಲ್ಲಿ ಕೂರಿಸಿದೆ.

ಎರಡು ನಿಮಿಷವೂ ಆಗಿರಲಿಲ್ಲ, ಸಮಾರಂಭದ ಉಸ್ತುವಾರಿಯ ದಪ್ಪ ಮೀಸೆಯವನೊಬ್ಬ ಬಂದ.

"ಏಳ್ರಿ ಏಳ್ರಿ. ಇದು ಗೆಸ್ಟ್ ಮಂದಿಗೆ ಹಾಕಿದ್ದು. ಪ್ಯಾಸೆಂಜರ್ ಎಲ್ಲಾ ಹೊರಗ ನಿಂದರ್ರಿ."

"ಇರೂದೊಂದ ಕಣ್ಣು, ಆಪರೇಶನ್ ಆಗೇತ್ರಿ ಅಣ್ಣಾರ. ಬಸ್ ಬಂದ ಕೂಡ್ಲೇ ಹೋಗ್ತೇವಿ" ಎಂದೆ.

"ಎಲ್ಲಾರೂ ಹಿಂಗ ಏನರೆ ಒಂದು ಹೇಳ್ತಾರ" ಎನ್ನುತ್ತ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟ. ನನ್ನ ಮೈಯೆಲ್ಲ ಉರಿಯಿತು. ಪ್ರಯಾಣಿಕರಿಗೆ ನೆರಳು ಮಾಡುತ್ತೇವೆಂದು ಭಾಷಣ ಮಾಡಲು ಪ್ರಯಾಣಿಕರನ್ನೇ ಬಿಸಿಲಿಗೆ ತಳ್ಳುತ್ತಿದ್ದರು.

ಅಷ್ಟರಲ್ಲಿ ಮೋಡ ಕವಿದು, ಗಾಳಿ ಎದ್ದು ದಪ್ಪ ಹನಿ ಶುರುವಾಯಿತು. ಅಪ್ಪ ಎರಡೂ ಕೈಯಲ್ಲಿ ಕಣ್ಣಿನ ಪಟ್ಟಿ ಮುಚ್ಚಿಕೊಂಡ. ನಾನು ಸೆರಗು ಹಿಡಿದೆ, ಅದು ಗಾಳಿಗೆ ನಿಲ್ಲಲಿಲ್ಲ.

ಪಕ್ಕದಲ್ಲೇ ಐದು ಜನ ಹಮಾಲರು ಮೆಣಸಿನಕಾಯಿ ಚೀಲ ಇಳಿಸಿ, ಅವಕ್ಕೆ ಹೊದಿಸಿದ್ದ ಟಾರ್ಪಾಲಿನ ತಾಡಪತ್ರಿ ಮಡಚುತ್ತಿದ್ದರು. ನಮ್ಮ ಜಗಳ ಅವರಿಗೂ ಕೇಳಿಸಿರಬೇಕು. ಒಬ್ಬ ತಾಡಪತ್ರಿ ಎಳೆದುಕೊಂಡೇ ಓಡಿ ಬಂದ. ನಮ್ಮ ಹತ್ತಿರ ಬಂದವನು ತಟ್ಟನೆ ನಿಂತು, "ತಡೀರಲೇ, ಇದಕ್ಕ ಘಾಟು ಐತಿ. ಅಜ್ಜನ ಕಣ್ಣಿಗೆ ಬ್ಯಾಡ" ಎಂದು ದೂರ ಹೋಗಿ ಅದನ್ನು ಕೊಡವಿ, ಕಾಯಿ ತಾಗಿದ ಮಗ್ಗುಲು ಮೇಲೆ ಬರುವಂತೆ ತಿರುವಿದ. ನಾಲ್ವರು ನಾಲ್ಕು ಮೂಲೆ ಬಿಗಿಯಾಗಿ ಎಳೆದು ಹಿಡಿದರು. ಅವನು ನಡುವೆ ಕೋಲು ಕೊಟ್ಟು ಎತ್ತಿದ. ನೀರು ನಿಲ್ಲದೆ ಸರಸರ ಇಳಿದುಹೋಯಿತು.

ಅತ್ತ ಶಾಮಿಯಾನ ಸಡಿಲಾಗಿ ಕಟ್ಟಿದ್ದರಿಂದ ನೀರು ತುಂಬಿ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದು ಸೋರುತ್ತಿತ್ತು. ಮೀಸೆಯವನು ಓಡಿ ಬಂದ.

"ಏ, ಆ ತಾಡಪತ್ರಿ ಇಲ್ಲಿ ತರ್ರಿ. ಖುರ್ಚಿ ತೋಯಾಕತ್ತಾವು."

ಕೋಲು ಹಿಡಿದವನು ಕದಲಲಿಲ್ಲ. "ಖುರ್ಚಿಗೆ ಕಣ್ಣಿಲ್ರಿ ಸಾಹೇಬ್ರ. ಅಜ್ಜಗ ಒಂದರೆ ಐತಿ" ಎಂದ.

ಮಳೆ ನಿಂತ ಮೇಲೆ ನಾನು ನೇರ ಹೋಗಿ ಆ ಮೀಸೆಯವನನ್ನು ಮನಸಾರೆ ಬೈದೆ. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಬೈದು ತಿರುಗಿ ನೋಡುವಷ್ಟರಲ್ಲಿ ಹಮಾಲರು ತಾಡಪತ್ರಿ ಹೊತ್ತು ಹೋಗಿಬಿಟ್ಟಿದ್ದರು.

ಅಪ್ಪ ಆ ಕಣ್ಣಿನಿಂದ ಮೊಮ್ಮಕ್ಕಳ ಮುಖವನ್ನೂ ನೋಡಿದ. ಈಗ ದೊಡ್ಡ ಊರಿನ ನಿಲ್ದಾಣಗಳಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಬಟ್ಟೆಯ ಚಾವಣಿ ಕಂಡರೆ, ಅದರ ಕೆಳಗೆ ಯಾರನ್ನು ಕೂರಲು ಬಿಟ್ಟಿದ್ದಾರೆ ಎಂದೇ ಮೊದಲು ನೋಡುತ್ತೇನೆ. ಆ ಮೀಸೆಯವನ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹಮಾಲರದು ಎಷ್ಟು ನೆನೆದರೂ ತಾಡಪತ್ರಿಯ ಅಂಚು ಹಿಡಿದ ಕೈಗಳು ಮಾತ್ರ. ಬೈಯುವ ಅವಸರದಲ್ಲಿ ನಾನು ಅವರ ಮುಖ ನೋಡಲೇ ಇಲ್ಲ.