‘ಪರವಾಗಿ’ ಎಂಬ ಒಂದು ಕಾಲಂ

2023ರ ಸೆಪ್ಟೆಂಬರ್ 12, ಮಂಗಳವಾರ, ಬೆಳಿಗ್ಗೆ 9.20. ಹಾಸನದ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿ ಆಗ ಎರಡನೇ ವರ್ಷ. ಮ್ಯಾನೇಜರ್ ಫೋನ್ ಮಾಡಿದರು.

“ಹೊಳೆನರಸೀಪುರದ ರುಕ್ಮಿಣಿನ ಗುರುವಾರ ಕೆಲಸದಿಂದ ತೆಗೀತಿದೀವಿ. ಅವಳ ಲಾಗಿನ್ ಮುಚ್ಚೋಕೆ ರೆಡಿ ಮಾಡ್ಕೊಮ್ಮ.”

ನಮ್ಮ ಲ್ಯಾಬಿಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಶಾಖೆ. ಪರೀಕ್ಷೆ ಅಲ್ಲಲ್ಲೇ ಆದರೂ, ಹಾಸನದಲ್ಲಿರುವ ಡಾ. ಸುಮತಿ ಒಪ್ಪಿಗೆ ಕೊಡದೆ ಯಾವ ವರದಿಯೂ ಪ್ರಿಂಟ್ ಆಗುವುದಿಲ್ಲ. ಅವರು ಸೆಪ್ಟೆಂಬರ್ 6ರಿಂದ 9ರವರೆಗೆ ರಜೆ ಹೋಗುವಾಗ ಆ ಅಧಿಕಾರವನ್ನು ಮೂರೂ ಶಾಖೆಗಳ ಟೆಕ್ನಿಷಿಯನ್‌ಗಳಿಗೆ ವಹಿಸಿದ್ದರು. ಒಬ್ಬರ ಅನುಮತಿಯನ್ನು ಕೆಲವು ದಿನ ಇನ್ನೊಬ್ಬರಿಗೆ ಹೀಗೆ ವಹಿಸುವುದನ್ನು ಡೆಲಿಗೇಷನ್ ಎನ್ನುತ್ತೇವೆ. ಪಾಸ್‌ವರ್ಡನ್ನೇ ಹೇಳಿಕೊಟ್ಟು ಹೋಗುವ ಅಭ್ಯಾಸ ತಪ್ಪಲಿ ಎಂದು ಆ ಸೌಲಭ್ಯವನ್ನು ಬರೆದವಳು ನಾನೇ. ರಕ್ತ ಪರೀಕ್ಷಿಸುವ ಯಂತ್ರ ಕೊಡುವ ಚೀಟಿಯ ಫೋಟೊ ಮೂರೂ ಶಾಖೆಗೆ ಕಾಣುತ್ತದೆ. ಬಿಡುವಿದ್ದವರು ಅಂಕಿ ತುಂಬಿ ಒಪ್ಪಿಗೆ ಒತ್ತಬಹುದು.

8ರಂದು ಬೆಳಿಗ್ಗೆ 11.42ಕ್ಕೆ ಒಂದು ವರದಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ 1,80,000 ಎಂದಿರಬೇಕಾದಲ್ಲಿ 18,000 ಎಂದು ಬಿತ್ತು. ರೋಗಿ ಹಿರೀಸಾವೆಯವರು. ಡೆಂಗಿ ಎಂದು ಹೆದರಿದ ಮನೆಯವರು ಅವರನ್ನು ಹಾಸನದ ಆಸ್ಪತ್ರೆಗೆ ಕರೆತಂದರು. ಮರುಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಆದರೆ ತಪ್ಪು ಯಾರದು?

ಯಾರು ಯಾವಾಗ ಏನು ಮಾಡಿದರೆಂದು ಸಾಫ್ಟ್‌ವೇರ್ ತಾನೇ ಬರೆದಿಡುವ ದಿನಚರಿಗೆ ಲಾಗ್ ಎಂದು ಹೆಸರು. ಆ ನಾಲ್ಕು ದಿನಗಳ 212 ವರದಿಗಳ ಮುಂದೆಯೂ ಅದರಲ್ಲಿ ಇದ್ದದ್ದು ಡಾ. ಸುಮತಿಯವರ ಹೆಸರೊಂದೇ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಬದಲಿ: ರುಕ್ಮಿಣಿ’. ಆಫೀಸಿನವರು ಅದನ್ನೇ ಸಾಕ್ಷಿ ಎಂದುಕೊಂಡಿದ್ದರು. ನಿಜವೆಂದರೆ ಬದಲಿಯವರ ಹೆಸರಿಗೆ ನಾನು ಒಂದೇ ಜಾಗ ಇಟ್ಟಿದ್ದೆ. ಮೂರನೆಯದಾಗಿ ಸೇರಿಸಿದ ರುಕ್ಮಿಣಿಯ ಹೆಸರು ಮೊದಲಿನ ಎರಡನ್ನೂ ಅಳಿಸಿಹಾಕಿತ್ತು.

ಮ್ಯಾನೇಜರಿಗೆ ಇದನ್ನು ಹೇಳಿದೆ. “ಹಂಗಾದ್ರೆ ಯಾರು ಅಂತ ಗುರುವಾರದೊಳಗೆ ಹೇಳು” ಎಂದರು.

ಡೈರಿ ಹಿಡಿದು ಹೊಳೆನರಸೀಪುರದ 10.15ರ ಬಸ್ಸು ಹತ್ತಿದೆ. ರುಕ್ಮಿಣಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. “ಡಾಕ್ಟ್ರು ಹೆಸರಲ್ಲಿ ನಾನು ಒತ್ತಿದ್ದು ಎಷ್ಟೋ ಇದಾವಕ್ಕ. ಇದು ಮಾತ್ರ ನಂದಲ್ಲ. ಅಲ್ಲ ಅಂತ ಎಂಗೆ ತೋರಿಸ್ಲಿ?” ಎಂದಳು. ಅವಳ ಸ್ಯಾಂಪಲ್ ರಿಜಿಸ್ಟರ್ ತೆರೆದೆ. 8ರಂದು 11.40ಕ್ಕೆ ಒಬ್ಬರ, 11.45ಕ್ಕೆ ಇನ್ನೊಬ್ಬರ ರಕ್ತ ತೆಗೆದಿದ್ದಾಳೆ. ನಡುವೆ ಕಂಪ್ಯೂಟರ್ ಮುಂದೆ ಕೂತಿರುವುದು ಕಷ್ಟ, ಆದರೆ ಆಗದ್ದಲ್ಲ. ಹಾಗೆಯೇ ಬರೆದುಕೊಂಡೆ.

ಮಧ್ಯಾಹ್ನ ಅರಕಲಗೂಡು. ಅಲ್ಲಿ ಕೌಂಟರಿನಲ್ಲಿರುವ ನಿಂಗೇಗೌಡರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

“ಏನವ್ವ, ಪೊಲೀಸ್ನೋರ ತರ ಪುಸ್ತಕ ಇಡ್ಕಂಡು ಬಂದಿದ್ದೀಯ?” ಎಂದರು. ವಿಷಯ ಕೇಳಿ, ಫ್ರಿಜ್ಜಿನ ಮೇಲಿದ್ದ ನೋಟ್‌ಬುಕ್ ಇಳಿಸಿದರು. “ಅವತ್ತು ಕರೆಂಟೇ ಇರ್ಲಿಲ್ಲ. ಅತ್ತೂವರೆಗೆ ಓಗಿದ್ದು ಅನ್ನೆರಡಕ್ಕೆ ಬಂತು. ನೋಡು, ಬರ್ದಿವ್ನಿ.”

ಅಲ್ಲಿನ ಯುಪಿಎಸ್ ಕೆಟ್ಟು ಎರಡು ವಾರವಾಗಿತ್ತು. ಹಾಗಾಗಿ ಅರಕಲಗೂಡು ಪಟ್ಟಿಯಿಂದ ಹೊರಗೆ ಬಂತು. ಹೊರಡುವಾಗ ಅವರು ಕೇಳಿದರು: “ಅಲ್ಲವ್ವ, ಯಾರ್ ಒತ್ತುದ್ರೂ ಡಾಕ್ಟ್ರೆಸ್ರೇ ಯಾಕ್ ಬತ್ತದೆ? ನಮ್ ಆಪೀಸ್ನಲ್ಲಿ ಸಾಯೇಬ್ರು ರಜಾ ಓದ್ರೆ ಅವರ ಸೀಲಿನ ಪಕ್ಕ ‘ಪರವಾಗಿ’ ಅಂತ ಬರ್ದು ನಮ್ ಸೈನ್ ಆಕ್ತಿದ್ವಿ. ಅಧಿಕಾರ ಅವ್ರುದು, ಕೈ ನಮ್ದು. ನಿನ್ ಕಂಪ್ಯೂಟ್ರು ಅಂಗಲ್ಲ ಕಣವ್ವ, ಎಲ್ರುನ್ನೂ ಡಾಕ್ಟ್ರೇ ಮಾಡ್ಬುಟ್ಟೈತೆ. ನಾನ್ ಡಾಕ್ಟ್ರಾದ್ರೆ ನಮ್ಮನೆಯೋಳೇ ಮಾತ್ರೆ ನುಂಗಲ್ಲ.”

ನಗುತ್ತಲೇ ಡೈರಿಯಲ್ಲಿ ‘ಪರವಾಗಿ’ ಎಂದು ಬರೆದು ಎರಡು ಸಲ ಅಡಿಗೆರೆ ಹಾಕಿದೆ.

ಬುಧವಾರ ಚನ್ನರಾಯಪಟ್ಟಣ. ಅಲ್ಲಿನ ಟೆಕ್ನಿಷಿಯನ್ ಮಂಜು ಆ ವರದಿಯನ್ನೂ ಸಮಯವನ್ನೂ ನೋಡಿದವನೇ ಹೇಳಿಬಿಟ್ಟ: “ನಾನೇ ಒತ್ತಿದ್ದು ಕಣಕ್ಕ. ಹಿರೀಸಾವೆ ಬಸ್ಸು ಓಗ್ಬುಡ್ತದೆ ಅಂತ ಅವ್ರು ಬಾಗ್ಲಲ್ಲೇ ನಿಂತಿದ್ರು. ಆತುರದಲ್ಲಿ ಒಂದ್ ಸೊನ್ನೆ ಬಿಟ್ಟೋಗದೆ.” ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ರುಕ್ಮಿಣಿ ಎಸ್ರು ಬಂದದೆ ಅಂದ್ರು. ಕಂಪ್ಯೂಟ್ರೇ ಹೇಳ್ತದಲ್ಲ, ನಂದು ಬೇರೆ ವರದಿ ಇರ್ಬೇಕು ಅನ್ಕೊಂಡೆ.”

ಅವನು ಅದನ್ನು ಬರೆದುಕೊಟ್ಟ. ಬುಧವಾರ ಸಂಜೆ 5.30ಕ್ಕೆ ಮ್ಯಾನೇಜರ್ ರುಕ್ಮಿಣಿಯನ್ನು ಕೆಲಸದಿಂದ ತೆಗೆಯುವ ಪತ್ರ ಹರಿದರು. ಮಂಜುವಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ, ನಿನ್ನ ತಪ್ಪನ್ನೂ ಬರೆದುಕೊಡು ಎಂದರು. ಕೊಟ್ಟೆ.

ಮುಂದಿನ ಒಂಬತ್ತು ದಿನಗಳಲ್ಲಿ ಸಾಫ್ಟ್‌ವೇರ್ ತಿದ್ದಿದೆ. ಈಗ ಬದಲಿಯವರು ತಮ್ಮ ಹೆಸರಿನಲ್ಲೇ ಒಪ್ಪಿಗೆ ಒತ್ತುತ್ತಾರೆ. ಲಾಗ್‌ನಲ್ಲೂ ವರದಿಯಲ್ಲೂ ಇಬ್ಬರ ಹೆಸರು ಇರುತ್ತದೆ. ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ಫೋನ್ ಮಾಡದೆ ಒಪ್ಪಿಗೆ ಕೊಡಲಾಗದು. ಎಲ್ಲ ಸೇರಿ 64 ಸಾಲು. ನಾನು ಇದುವರೆಗೆ ಬರೆದುದರಲ್ಲಿ ನನಗೆ ಹೆಚ್ಚು ಹೆಮ್ಮೆ ಇರುವುದು ಇವುಗಳ ಬಗ್ಗೆಯೇ. ಡಾ. ಸುಮತಿ ಮತ್ತೆ ರಜೆ ಹಾಕಿದ ದಿನ ರುಕ್ಮಿಣಿ ಮೊದಲ ವರದಿಯ ಫೋಟೊ ಕಳಿಸಿದಳು: ‘ಡಾ. ಸುಮತಿ ಅವರ ಪರವಾಗಿ, ರುಕ್ಮಿಣಿ’. ಜೊತೆಗೆ ಒಂದು ಸಾಲು: “ಈಗ ತಪ್ಪಾದ್ರೂ ನಂದೇ ಅಕ್ಕ, ಸರಿಯಾದ್ರೂ ನಂದೇ.”

ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಬಹುದು, ಹೆಸರನ್ನು ಕೊಡಬಾರದು. ನನಗೆ ಈ ಕೆಲಸ ಕಲಿಸಿದ್ದು ಇದನ್ನು.

ಒಂದು ಪ್ರಶ್ನೆ ಉಳಿದಿದೆ. ಪರವಾಗಿ ಸಹಿ ಹಾಕುವವರೂ ರಜೆ ಹೋದರೆ ಅವರ ಪರವಾಗಿ ಮತ್ತೊಬ್ಬರು ಹಾಕಬಹುದೇ? ನಿಂಗೇಗೌಡರಿಗೂ ಗೊತ್ತಿಲ್ಲ, ಸದ್ಯಕ್ಕೆ ನಾನು ಅದನ್ನು ತಡೆದಿದ್ದೇನೆ. ಹಳೆಯ ಕಚೇರಿಗಳಲ್ಲಿ ಇದಕ್ಕೆ ಏನು ಕ್ರಮವಿತ್ತೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಡೈರಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಉತ್ತರ ಬಂದರೆ ನಿಮ್ಮ ಹೆಸರಿನಲ್ಲೇ ಬರೆದುಕೊಳ್ಳುತ್ತೇನೆ.