ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು, ಹಣ್ಣೋ ತರಕಾರಿಯೋ, ಇನ್ನು ತಿನ್ನುವುದಿಲ್ಲವೆಂದು ಗಂಗೆಯ ಮುಂದೆ ಬಿಡುವುದು ವಾಡಿಕೆ. ಊರಿನ ಕಡೆಯವರು ಬಂದರೆ ಪಂಡಿತರ ಹಿಂದಿಯನ್ನು ಕನ್ನಡದಲ್ಲಿ ತಿಳಿಸುವುದು, ಇಲ್ಲೇ ಮುದುಕಿಯಾದ ನನ್ನ ಕೆಲಸ.

ಮೊನ್ನೆ ದಶಾಶ್ವಮೇಧ ಘಾಟಿನಲ್ಲಿ ಪಂಡಿತರೊಬ್ಬರ ಮುಂದೆ ದಾವಣಗೆರೆಯ ದಂಪತಿ ಕೂತಿದ್ದರು. "ಏನು ಬಿಡ್ತೀರಮ್ಮ?" ಎಂದು ಕೇಳಿದೆ. ಹೆಂಡತಿ ಯೋಚಿಸುವಷ್ಟರಲ್ಲಿ ಗಂಡ ಹೇಳಿಯೇಬಿಟ್ಟರು: "ತಲೆಗೆ ಬಣ್ಣ ಹಚ್ಚೋದು ಬಿಡ್ತಾಳೆ ಅಂತ ಹೇಳ್ರಿ."

ಆಕೆ ಗಾಬರಿಯಾದರು. "ಅಯ್ಯೋ, ಗಂಗಮ್ಮನ ಮುಂದೆ ಆಡಿಬಿಟ್ರಲ್ಲ! ಅಮ್ಮಾ, ಇವರು ಹೇಳಿದ್ದು ನನಗೆ ಅಂಟುತ್ತಾ, ಕೇಳ್ರಿ."

ಪಂಡಿತರು ಕಣ್ಣು ಮುಚ್ಚಿ ಯೋಚಿಸಿ ಕೊಟ್ಟ ತೀರ್ಪನ್ನು ನಾನು ಕನ್ನಡಕ್ಕೆ ತಂದೆ: "ತಲೆ ಯಾರದೋ ಸಂಕಲ್ಪವೂ ಅವರದೇ ಆಗಬೇಕಂತೆ."

ಆಕೆಗೆ ಜೀವ ಬಂತು. "ಹಂಗಾದ್ರೆ ಹಾಗಲಕಾಯಿ ಬಿಟ್ಟೆ."

"ಅದನ್ನ ನೀನು ಯಾವತ್ತು ತಿಂದಿದ್ದೆ?" ಎಂದರು ಗಂಡ.

"ಮೊದಲು ನಿಮ್ಮ ಮೀಸೆ ಬೆಳ್ಳಗಾಗ್ಲಿ. ನಾನೊಬ್ಬಳೇ ಬಣ್ಣ ಬಿಟ್ಟು ನಿಮ್ಮ ಪಕ್ಕ ನಿಂತ್ರೆ ಜನ ನನ್ನನ್ನ ನಿಮ್ಮವ್ವ ಅಂತಾರೆ."

ಗಂಡ ತಮ್ಮ ಕಡುಗಪ್ಪು ಮೀಸೆಯನ್ನು ಕೈಯಿಂದ ಮುಚ್ಚಿಕೊಂಡರು.

ಏಳುವ ಮುಂಚೆ ಆಕೆ ನನ್ನತ್ತ ಬಾಗಿ, "ಈ ವಯಸ್ಸಲ್ಲೂ ನಿಮ್ಮ ಕೂದಲು ಎಷ್ಟು ಕಪ್ಪಗಿದೆ! ದಿನಾ ಗಂಗಾಸ್ನಾನ ಮಾಡೋದಕ್ಕಾ ಅಮ್ಮಾ?" ಎಂದರು.

ಹೌದು ಎನ್ನುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಂಗೆ ಎದುರಿಗೇ ಹರಿಯುತ್ತಿದ್ದಳು. ಹಾಗಾಗಿ ಘಾಟಿನ ಹತ್ತಿರದ ಗೋದೌಲಿಯಾ ವೃತ್ತದ ಬಳಿ ಒಳ್ಳೆಯ ಬಣ್ಣ ಸಿಗುವ ಅಂಗಡಿಯ ದಾರಿಯನ್ನು ಪಿಸುಮಾತಿನಲ್ಲಿ ಹೇಳಿಕೊಟ್ಟೆ.

ಅಷ್ಟು ಹೊತ್ತೂ ಕನ್ನಡದ ಒಂದಕ್ಷರವೂ ತಿಳಿಯದವರಂತೆ ಕೂತಿದ್ದ ಪಂಡಿತರು ಮಂತ್ರ ನಿಲ್ಲಿಸಿ, "ವೃತ್ತ ದಾಟಿದ ಮೇಲೆ ಎಡಕ್ಕಾ, ಬಲಕ್ಕಾ?" ಎಂದು ಸ್ವಚ್ಛ ಕನ್ನಡದಲ್ಲಿ ಕೇಳಿದರು.