ಬೆನ್ನು ತಿರುಗಿಸಿ ಕೂತ ಅತ್ತೆ

ವಿನಿ ಹ್ಯಾಲೊರನ್‌ಳನ್ನು ಸರಕಿನಂತೆ ತೂಗಿದರೆ ಹೀಗೆ: ವಯಸ್ಸು ಐವತ್ತು ದಾಟಿದೆ, ಹೆಗಲು ಅಗಲ, ಮೂಗು ಒಂದು ಅಳತೆ ದೊಡ್ಡದು, ಮುಖ ಯಾರ ಮನೆಯ ಅತ್ತೆಯದಾದರೂ ಆದೀತು. ಹಾಲಿವುಡ್‌ನಲ್ಲಿ ಇಂಥ ಮುಖಕ್ಕೆ ಗಿರಾಕಿ ತಪ್ಪುವುದಿಲ್ಲ, ಬೆಲೆ ಮಾತ್ರ ಏರುವುದಿಲ್ಲ. ಸ್ಟುಡಿಯೋ ಗೇಟಿನೆದುರು ನನ್ನ ಟೋಪಿ ಅಂಗಡಿ. ಸಣ್ಣ ಪಾತ್ರದವರು ಉಡುಪು ತಾವೇ ತರಬೇಕಾದ್ದರಿಂದ ಆಕೆ ನನ್ನಲ್ಲಿ ಬಾಡಿಗೆಗೆ ಟೋಪಿ ಒಯ್ಯುತ್ತಿದ್ದಳು.

ಆ ವರ್ಷ ದೊಡ್ಡದೊಂದು ಸಂಸಾರದ ಚಿತ್ರದಲ್ಲಿ ಆಕೆಗೆ ಸತ್ತ ಯಜಮಾನನ ತಂಗಿಯ, ಎಂದರೆ ಮನೆಯ ಮಕ್ಕಳಿಗೆ ಸೋದರತ್ತೆಯ ಪಾತ್ರ. ಶವಸಂಸ್ಕಾರದ ಊಟಕ್ಕೆ ಕೂರಬೇಕು, ಮಾತಿಲ್ಲ. ಮೆಚ್ಚಿಗೆಯಾದರೆ ಸ್ಟುಡಿಯೋ ವರ್ಷದ ಸಂಬಳಕ್ಕೆ ಇಟ್ಟುಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಫೋನ್ ಮಾಡಿ ಕೆಲಸ ಕೇಳುವುದು ತಪ್ಪುತ್ತಿತ್ತು.

"ಸುಮ್ನೆ ಕೂರೋಕೂ ನಿಮ್ಮ ಟೋಪಿ ಬೇಕಾ, ಮಿಸ್ಟರ್ ಜೆಲ್ನಿಕ್?"

"ಸುಮ್ನೆ ಕೂರೋರಿಗೇ ಒಳ್ಳೇದು ಬೇಕು, ವಿನಿ. ಮಾತಾಡೋರಿಗೆ ಯಾವುದಾದ್ರೂ ನಡೆಯುತ್ತೆ."

ಸಂಜೆ ಟೋಪಿ ವಾಪಸು ತಂದಾಗ ಮುಖ ಸಪ್ಪಗಿತ್ತು. "ಅಣ್ಣನ ಖಾಲಿ ಕುರ್ಚಿ ಕಡೆ ಒಂದ್ಸಲ ನೋಡಿದೆ. ಅಷ್ಟಕ್ಕೇ ಹೀರೋಯಿನ್ ಅಮ್ಮಾವ್ರು 'ಆ ಹೆಂಗಸನ್ನ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರಿಸಿ' ಅಂದ್ರು."

"ಕೂತ್ಯಾ?"

"ಕೂತೆ. ಆಮೇಲೆ ಟೋಪಿ ತೆಗೆದೆ."

"ಯಾಕೆ?"

"ಊಟದ ಮೇಜು ಕಣ್ರೀ. ಟೋಪಿ ಹಾಕ್ಕೊಂಡು ಕೂತ್ರೆ ಅಣ್ಣ ಬಯ್ತಿದ್ದ ಅನ್ನಿಸ್ತು."

ಬಿಡುಗಡೆಗೆ ಮುಂಚೆ ದೂರದ ಊರೊಂದರಲ್ಲಿ ಚಿತ್ರವನ್ನು ಜನರಿಗೆ ತೋರಿಸಿ ನಾಡಿ ನೋಡುವುದು ಇಲ್ಲಿನ ಪದ್ಧತಿ. ನಾವಿಬ್ಬರೂ ಹೋದೆವು. ತೆರೆಯ ತುಂಬ ನಾಯಕಿಯ ಮುಖ, ಧಾರಾಕಾರ ಕಣ್ಣೀರು. ಕೆಳಗೆ ಮೂಲೆಯಲ್ಲಿ ನನ್ನ ಕಪ್ಪು ಟೋಪಿ. ಕೈಯೊಂದು ಮೇಲೆದ್ದು ಟೋಪಿಯನ್ನು ಕೂದಲಿಗೆ ಸಿಕ್ಕಿಸಿದ್ದ ಪಿನ್ನಿಗಾಗಿ ತಡಕಿತು, ಸಿಗಲಿಲ್ಲ, ಮತ್ತೆ ತಡಕಿತು. ಟೋಪಿ ಇಳಿದು ಸತ್ತವನ ಖಾಲಿ ತಟ್ಟೆಯಲ್ಲಿ ಕೂತಿತು. ಕತ್ತಿನ ಮೇಲೆ ನರೆತ ಕೂದಲ ಒಂದು ಎಳೆ ಬಿಚ್ಚಿಕೊಂಡಿತು. ಅಷ್ಟೇ. ಪಾಪ್‌ಕಾರ್ನ್ ಅಗಿಯುವ ಸದ್ದು ನಿಂತುಹೋಯಿತು. ಪಕ್ಕದ ಹೆಂಗಸು ಮೂಗೊರೆಸಿಕೊಂಡು, "ಯಾರ್ರೀ ಆ ಅತ್ತೆ?" ಎಂದಳು. ನಾಯಕಿಯ ಬಗ್ಗೆ ಯಾರೂ ಕೇಳಲಿಲ್ಲ.

"ಗೆದ್ದುಬಿಟ್ಟೆ ಕಣೇ!" ಎಂದೆ.

"ಇಲ್ಲ ಜೆಲ್ನಿಕ್," ಎಂದಳು ವಿನಿ. "ಕೆಟ್ಟೆ."

ಜನ ಮೆಚ್ಚಿದ್ದರಿಂದ ದೃಶ್ಯ ಉಳಿಯಿತು. ವಿನಿ ಉಳಿಯಲಿಲ್ಲ. ಪಕ್ಕದಲ್ಲಿ ಯಾರು ಕೂರಬೇಕೆಂದು ಹೇಳುವ ಹಕ್ಕು ದೊಡ್ಡ ನಾಯಕಿಯರಿಗಿತ್ತು. ಪಾತ್ರ ಹಂಚುವ ಕಚೇರಿಯವನು ನನ್ನ ಅಂಗಡಿಯ ಫೋನಿನಲ್ಲೇ ಆಕೆಗೆ ಹೇಳಿದ: "ತುಂಬಾ ಚೆನ್ನಾಗಿ ಮಾಡ್ತೀಯಮ್ಮ, ಅದೇ ತೊಂದ್ರೆ. ನಿನ್ನ ಜೊತೆ ಊಟಕ್ಕೆ ಕೂರೋಕೆ ಒಬ್ಬರೂ ಒಪ್ತಿಲ್ಲ."

ಚಳಿಗಾಲದ ಹೊತ್ತಿಗೆ ಫ್ರೆಸ್ನೋದಲ್ಲಿದ್ದ ತಂಗಿಯ ಮನೆಗೆ ಹೊರಟಳು. ಅಲ್ಲಿ ಒಣದ್ರಾಕ್ಷಿ ಡಬ್ಬಿಗೆ ತುಂಬುವ ಕೆಲಸ ಸಿಕ್ಕಿತ್ತು. "ತಪ್ಪೆಲ್ಲಾ ನಿಮ್ಮ ಪಿನ್ನಿಂದು," ಎಂದು ನಗಲು ನೋಡಿದಳು. "ಅಷ್ಟು ಬಿಗಿಯಾಗಿರದಿದ್ರೆ ಬೇಗ ತೆಗೆದು ತೆಪ್ಪಗಿರ್ತಿದ್ದೆ. ಇನ್ನೂ ಎಷ್ಟೋ ಮನೇಲಿ ಅತ್ತೆಯಾಗಿರ್ತಿದ್ದೆ."

ಚಿತ್ರ ಊರೂರಲ್ಲಿ ಓಡಿತು. ಹೆಸರುಗಳ ಪಟ್ಟಿಯಲ್ಲಿ ವಿನಿ ಇರಲಿಲ್ಲ. ಆದರೂ "ಆ ಅತ್ತೆ ಟೋಪಿ ಇದ್ಯಾ?" ಎಂದು ಹೆಂಗಸರು ಹುಡುಕಿಕೊಂಡು ಬಂದರು, ಈಗಲೂ ಬರುತ್ತಾರೆ. ಒಂದು ಕಿಟಕಿಯ ಅಂಗಡಿ ಮೂರು ಕಿಟಕಿಯದಾಯಿತು. ನಾನು ಒಳ್ಳೆಯ ವ್ಯಾಪಾರಿಯೆಂದು ಬೀದಿಯವರು ಹೇಳುತ್ತಾರೆ. ಈ ಅಂಗಡಿ ನಡೆದದ್ದು ವಿನಿ ಹ್ಯಾಲೊರನ್‌ಳಿಂದ.